ಅಧಿಕ ರಕ್ತದೊತ್ತಡಕ್ಕೆ ಮೊದಲ ಮಾತ್ರೆ: ಆಯ್ಕೆಯ ಕ್ರಮ

ರಕ್ತದೊತ್ತಡ ಏರಿರುವುದು ಖಚಿತವಾದ ಮೇಲೆ ರೋಗಿಗೆ ಮೊತ್ತಮೊದಲು ಯಾವ ಔಷಧಿ ಕೊಡಬೇಕು ಎಂಬುದು ವೈದ್ಯಶಾಸ್ತ್ರದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಚರ್ಚೆಯಾದ ಪ್ರಶ್ನೆ. ಇಂದು ಕಣದಲ್ಲಿ ಉಳಿದಿರುವುದು ಮುಖ್ಯವಾಗಿ ಮೂರು ಬಣ: ಕ್ಲೋರ್‌ಥ್ಯಾಲಿಡೋನ್‌ನಂಥ ಥಯಜೈಡ್ ಮೂತ್ರವರ್ಧಕಗಳು, ಆಮ್ಲೋಡಿಪಿನ್‌ನಂಥ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು, ಎಸಿಇ ಇನ್‌ಹಿಬಿಟರ್ ಮತ್ತು ಎಆರ್‌ಬಿಗಳ ಜೋಡಿ ಗುಂಪು. ಬೇರೆ ತೊಡಕಿಲ್ಲದ ಸಾಮಾನ್ಯ ರೋಗಿಗೆ ಇವುಗಳಲ್ಲಿ ಯಾವುದರಿಂದ ಶುರುಮಾಡಿದರೂ ಪಾರ್ಶ್ವವಾಯು, ಹೃದಯಾಘಾತಗಳನ್ನು ತಡೆಯುವ ಫಲ ಹೆಚ್ಚುಕಡಿಮೆ ಒಂದೇ. ಹಾಗೆಂದು ಕಣ್ಣುಮುಚ್ಚಿ ಬರೆಯುವಂತಿಲ್ಲ. ರೋಗಿಯ ಮೂತ್ರಪಿಂಡ, ಸಕ್ಕರೆ, ವಯಸ್ಸು, ಬಸಿರು, ಕಿಸೆಯ ಕಾಸು, ಕೊನೆಗೆ ಊರಿನ ಹವೆ ಕೂಡ ಈ ಆಯ್ಕೆಯಲ್ಲಿ ಕೈಹಾಕುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಒಂದು ಬೆಳಗ್ಗೆ ನಿಂತರೆ ಈ ಅಂಕಿ ಕಣ್ಣಿಗೇ ಕಾಣುತ್ತದೆ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಿ.ಸಿ. ರೋಡ್, ಪಡೀಲ್ ಕಡೆಯ ದಾರಿ ಬಂದು ಕೂಡುವ ಜಾಗ ಇದು. ಕಾಮಗಾರಿ ವರ್ಷಗಟ್ಟಲೆ ಕುಂಟಿ, ಊರಿನವರ ತಮಾಷೆಗೆಲ್ಲ ಆಹಾರವಾಗಿ, 2020ರ ಜನವರಿ ಕೊನೆಗೆ ತೆರೆದುಕೊಂಡ ಫ್ಲೈಓವರ್ ಇಲ್ಲಿಯದೇ. ಮಹಾವೀರ ವೃತ್ತದ ಬಳಿ ಹೃದಯ ಚಿಕಿತ್ಸೆಯ ಇಂಡಿಯಾನಾ ಆಸ್ಪತ್ರೆ, ಅಲ್ಲಿಂದ ಕೂಗಳತೆಯ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡುವುದರಿಂದ ಆರಂಭಿಸಿ ಬೆಳೆಸಿದ ಫಾದರ್ ಮುಲ್ಲರ್ ಆಸ್ಪತ್ರೆ. ಮಂಜೇಶ್ವರ, ಉಪ್ಪಳ, ಕಾಸರಗೋಡಿನಿಂದ ತಲಪಾಡಿ ದಾಟಿ ಬರುವವರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯಿಂದ ಇಳಿದು ಬರುವವರು ಇಲ್ಲಿಯ ಬಸ್ ನಿಲ್ದಾಣಗಳಲ್ಲಿ ಇಳಿಯುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಲಯಾಳವೋ. ಕಾಯಿಲೆಗೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಹೆಸರು, ಬಿಪಿ.

ಹಿನ್ನೆಲೆ

ಆಧುನಿಕ ವೈದ್ಯಕ್ಕೆ ದಕ್ಕಿದ ಮೊದಲ ಪರಿಣಾಮಕಾರಿ ಬಿಪಿ ಔಷಧಿಗಳಲ್ಲಿ ಒಂದು ಭಾರತದ ಕಾಡಿನಿಂದ ಬಂತು. ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ನಾಟಿವೈದ್ಯರು ಹಾವು ಕಡಿತಕ್ಕೆ, ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಅದು ರಕ್ತದೊತ್ತಡ ಇಳಿಸುತ್ತದೆಂದು ಬರೆದರು. ಮುಂಬೈಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ರೋಗಿಗಳ ಮೇಲೆ ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿತು. ಬಿಪಿಯೇನೋ ಇಳಿಯಿತು, ಆದರೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಮಂಕು, ಖಿನ್ನತೆ ಕಾಣಿಸಿಕೊಂಡು ಹೆಸರು ಕೆಟ್ಟಿತು.

ಆಮೇಲೆ ಒಂದರ ಹಿಂದೆ ಒಂದು ಬಂದವು. 1950ರ ದಶಕದ ಕೊನೆಗೆ ಕ್ಲೋರೋಥಯಜೈಡ್. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಅವರ ಪ್ರೊಪ್ರನೊಲಾಲ್. ಅವರಿಗೆ 1988ರಲ್ಲಿ ನೊಬೆಲ್ ಬಂತು. ಬ್ರೆಜಿಲ್‌ನ ಒಂದು ಮಂಡಲ ಜಾತಿಯ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. 1990ರ ದಶಕದಲ್ಲಿ ಆಮ್ಲೋಡಿಪಿನ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್. ಮಂಗಳೂರಿನ ಯಾವ ಮೆಡಿಕಲ್ ಅಂಗಡಿಯ ಶೆಲ್ಫಿನಲ್ಲೂ ಈಗ ಹೆಚ್ಚು ಜಾಗ ಹಿಡಿದಿರುವುದು ಈ ಕೊನೆಯ ತಂಡ.

ಮಾತ್ರೆ ಬರೆಯುವ ಮುನ್ನ

ಹೆದ್ದಾರಿ ದಾಟಿ, ಬಿಸಿಲಲ್ಲಿ ಬೆವರಿ, ಟೋಕನ್ ಹಿಡಿದು ಕಾದು ಕುಳಿತವನ ತೋಳಿಗೆ ಕೂಡಲೇ ಪಟ್ಟಿ ಸುತ್ತಿದರೆ ಬರುವ ಅಂಕಿ ಅವನ ನಿಜವಾದ ಬಿಪಿ ಅಲ್ಲ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಮಾತಾಡದೆ ಐದು ನಿಮಿಷ ಕುಳಿತ ಮೇಲೆ, ಬರಿದೋಳಿಗೆ ಸರಿಯಳತೆಯ ಪಟ್ಟಿ ಸುತ್ತಿ, ತೋಳನ್ನು ಹೃದಯದ ಮಟ್ಟಕ್ಕಿಟ್ಟು ನೋಡಬೇಕು. ಅರ್ಧ ಗಂಟೆ ಮುಂಚೆ ಚಾ, ಬೀಡಿ ಆಗಿರಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಏರುತ್ತದೆ. ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚಿರುವ ಕಡೆಯನ್ನೇ ಮುಂದೆ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲಿದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಸರಾಸರಿ 135/85 ಗಡಿ. ಅಮೆರಿಕದ ತಜ್ಞರು 2017ರಲ್ಲಿ ಕಾಯಿಲೆಯ ಗೆರೆಯನ್ನೇ 130/80ಕ್ಕೆ ಇಳಿಸಿದರು. ಭಾರತದ ಸರ್ಕಾರಿ ಕಾರ್ಯಕ್ರಮಗಳು 140/90ನ್ನೇ ಹಿಡಿದುಕೊಂಡಿವೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ ರೋಗ ಖಚಿತವಾದ ನಾಲ್ಕು ವಾರದೊಳಗೆ ಔಷಧಿ ಶುರುವಾಗಬೇಕು. 160/100 ದಾಟಿದ್ದರೆ ಕಾಯುವ ಮಾತೇ ಇಲ್ಲ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಸಕ್ಕರೆ, ಕೊಲೆಸ್ಟರಾಲ್, ಮೂತ್ರದಲ್ಲಿ ಪ್ರೋಟೀನ್, ಇಸಿಜಿ, ಇವಿಷ್ಟು ನೋಡುವುದು ಒಳ್ಳೆಯದು. ಆದರೆ ಪರೀಕ್ಷೆಯ ನೆಪದಲ್ಲಿ ಚಿಕಿತ್ಸೆ ಮುಂದೂಡಬಾರದು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಅಂಗಡಿಬಾಗಿಲಲ್ಲಿ ಬಿಪಿ ನೋಡಿಸಿಕೊಂಡು ‘ಸ್ವಲ್ಪ ಜಾಸ್ತಿ ಉಂಟು’ ಎಂದು ವರ್ಷ ದೂಡುವವರು ಈ ಊರಿನಲ್ಲಿ ಬೇಕಾದಷ್ಟು ಮಂದಿ. ‘ಒಮ್ಮೆ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕೆ ಆಗುದಿಲ್ಲ’ ಎಂಬ ಹೆದರಿಕೆ ಅದರ ಹಿಂದಿದೆ. ಬಿಡಲಾಗದಂತೆ ಮಾಡುವುದು ಮಾತ್ರೆಯಲ್ಲ, ಕಾಯಿಲೆ. ತೂಕ, ಉಪ್ಪು ಇಳಿಸಿದ ಕೆಲವರಲ್ಲಿ ವೈದ್ಯರೇ ಮಾತ್ರೆ ತಗ್ಗಿಸುವುದುಂಟು.

ಮೂರು ಬಣಗಳು

ಆಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುಗಳಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ನಾಳವನ್ನು ಸಡಿಲಿಸುತ್ತದೆ. ಅರ್ಧದಷ್ಟು ಔಷಧಿ ರಕ್ತದಿಂದ ಖಾಲಿಯಾಗಲು 30ರಿಂದ 50 ಗಂಟೆ ಬೇಕು, ಹಾಗಾಗಿ ಒಂದು ದಿನ ಮರೆತರೂ ಬಿಪಿ ಒಮ್ಮೆಲೇ ಹಾರುವುದಿಲ್ಲ. ಪೂರ್ಣ ಪರಿಣಾಮ ತಿಳಿಯಲು ವಾರಗಳು ಹಿಡಿಯುವುದೂ ಇದೇ ಕಾರಣಕ್ಕೆ. ಮೂರನೇ ದಿನ ಬಂದು ‘ಇಳಿಯಲೇ ಇಲ್ಲ’ ಎನ್ನುವುದು ಅವಸರ. ಶುರುಮಾಡಲು ರಕ್ತಪರೀಕ್ಷೆ ಕಡ್ಡಾಯವಲ್ಲ, ಬೆಲೆ ಅಗ್ಗ, ಉಪ್ಪು ಹೆಚ್ಚು ತಿನ್ನುವವರಲ್ಲೂ ವಯಸ್ಸಾದವರಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆಯೆಂದರೆ ಪಾದ ಊದುವುದು. 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿದಾಗ ಇದು ಹೆಚ್ಚು. ಇಡೀ ದಿನ ನಿಂತೇ ಕೆಲಸ ಮಾಡುವ ಬಟ್ಟೆ ಅಂಗಡಿಯ ಹೆಂಗಸರು, ಬಸ್ ಕಂಡಕ್ಟರುಗಳು ಸಂಜೆ ಚಪ್ಪಲಿಯ ಪಟ್ಟಿ ಕಚ್ಚುತ್ತದೆ ಎಂದು ದೂರುವುದು ಇದನ್ನೇ. ಆನೆಕಾಲು ರೋಗವನ್ನು ಕಂಡ ಕರಾವಳಿಯಲ್ಲಿ ಕಾಲು ಊದಿದರೆ ಜನ ಬೇಗ ಗಾಬರಿಯಾಗುತ್ತಾರೆ. ಇನ್ನೊಂದು ತಪ್ಪು ವೈದ್ಯರ ಕಡೆಯಿಂದಲೂ ಆಗುತ್ತದೆ: ಊತ ಇಳಿಸಲೆಂದು ಮೂತ್ರ ಹೋಗುವ ಮಾತ್ರೆ ಸೇರಿಸುವುದು. ಈ ಊತ ನೀರು ಕಟ್ಟಿದ್ದರಿಂದ ಬಂದದ್ದಲ್ಲ, ಸೂಕ್ಷ್ಮ ನಾಳಗಳಿಂದ ದ್ರವ ಜಿನುಗಿದ್ದರಿಂದ ಬಂದದ್ದು. ಪ್ರಮಾಣ ಇಳಿಸಿದರೆ ಅಥವಾ ಜೊತೆಗೆ ಎಆರ್‌ಬಿ ಕೊಟ್ಟರೆ ತಗ್ಗುತ್ತದೆ. ಊತ ಕಡಿಮೆಯೆಂದು ಭಾರತದಲ್ಲಿ ಸಿಲ್ನಿಡಿಪಿನ್ ಬರೆಯುವುದು ಹೆಚ್ಚಾಗಿದೆ. ಅದು ಬಿಪಿ ಇಳಿಸುವುದು ಹೌದು. ಪಾರ್ಶ್ವವಾಯು, ಹೃದಯಾಘಾತ ತಡೆಯುವ ವಿಷಯದಲ್ಲಿ ಆಮ್ಲೋಡಿಪಿನ್‌ಗಿರುವಷ್ಟು ಸಾಕ್ಷ್ಯ ಅದಕ್ಕಿಲ್ಲ.

ಎಸಿಇ ಇನ್‌ಹಿಬಿಟರ್‌ಗಳು (ರಾಮಿಪ್ರಿಲ್, ಎನಲಾಪ್ರಿಲ್) ಮತ್ತು ಎಆರ್‌ಬಿಗಳು (ಲೊಸಾರ್ಟಾನ್, ಟೆಲ್ಮಿಸಾರ್ಟಾನ್) ರಕ್ತನಾಳವನ್ನು ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿಗೆ ಅಡ್ಡ ನಿಲ್ಲುತ್ತವೆ. ಮೊದಲನೆಯ ಗುಂಪಿನ ಶಾಪ ಒಣಕೆಮ್ಮು. ಹತ್ತರಲ್ಲಿ ಒಬ್ಬಿಬ್ಬರಿಗಾದರೂ ಬರುತ್ತದೆ, ಮಾತ್ರೆ ಶುರುವಾಗಿ ತಿಂಗಳುಗಳಾದ ಮೇಲೂ ಬರಬಹುದು. ಜಡಿಮಳೆಯ ಊರಿನಲ್ಲಿ ಕೆಮ್ಮಿಗೆ ಕಾರಣಗಳಿಗೇನು ಬರ? ಧೂಳು, ಅಲರ್ಜಿ, ಶೀತ ಎಂದು ಸಿರಪ್ ಬಾಟಲಿಗಳು ಖಾಲಿಯಾಗುತ್ತವೆ, ಎದೆಯ ಎಕ್ಸ್‌ರೇಯೂ ಆಗುತ್ತದೆ, ಬಿಪಿ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎಆರ್‌ಬಿಗಳಲ್ಲಿ ಈ ಕಾಟ ಬಹಳ ಕಡಿಮೆ. ನಮ್ಮಲ್ಲಿ ಟೆಲ್ಮಿಸಾರ್ಟಾನ್ ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ. 2008ರ ಆನ್‌ಟಾರ್ಗೆಟ್ ಅಧ್ಯಯನ 25 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಟೆಲ್ಮಿಸಾರ್ಟಾನ್ ರಾಮಿಪ್ರಿಲ್‌ಗೆ ಸಮವೆಂದೂ, ಎರಡನ್ನೂ ಒಟ್ಟಿಗೆ ಕೊಟ್ಟರೆ ಲಾಭವಿಲ್ಲದೆ ಹಾನಿ ಹೆಚ್ಚೆಂದೂ ತೋರಿಸಿತು. ಈ ಗುಂಪಿನ ಮಾತ್ರೆ ಶುರುಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಬೇಕು. ಕ್ರಿಯಾಟಿನಿನ್ ಶೇ. 30ರೊಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ.

ಥಯಜೈಡ್‌ಗಳು ಉಪ್ಪನ್ನು ಮೂತ್ರದಲ್ಲಿ ಹೊರಹಾಕಿ ಕೆಲಸ ಮಾಡುತ್ತವೆ. ಬೆಲೆ ಅತಿ ಕಡಿಮೆ, ಸಾಕ್ಷ್ಯ ಅತಿ ಹಳೆಯದು ಮತ್ತು ಗಟ್ಟಿ. ಆದರೂ ಮಂಗಳೂರಿನಲ್ಲಿ ಇವು ಒಂಟಿಯಾಗಿ ಮೊದಲ ಮಾತ್ರೆಯಾಗುವುದು ಅಪರೂಪ. ಇನ್ನೊಂದರ ಜೊತೆ ಬಾಲವಾಗಿ ಬರುವುದೇ ಹೆಚ್ಚು. ಸೋಡಿಯಂ, ಪೊಟ್ಯಾಸಿಯಂ ಇಳಿಯುವುದು, ಯೂರಿಕ್ ಆಮ್ಲ ಏರಿ ಗೌಟ್ ಕೆರಳುವುದು, ಸಕ್ಕರೆ ತುಸು ಹೆಚ್ಚುವುದು ಇವುಗಳ ದೋಷ. ಹೈಡ್ರೋಕ್ಲೋರೋಥಯಜೈಡ್‌ಗಿಂತ ಕ್ಲೋರ್‌ಥ್ಯಾಲಿಡೋನ್ ಮೇಲು ಎಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದ ನಿವೃತ್ತ ಸೈನಿಕರಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯಲ್ಲಿ ಫಲ ಎರಡರದೂ ಒಂದೇ ಆಗಿ, ಪೊಟ್ಯಾಸಿಯಂ ಇಳಿತ ಮಾತ್ರ ಕ್ಲೋರ್‌ಥ್ಯಾಲಿಡೋನ್‌ನಲ್ಲಿ ಹೆಚ್ಚಿತ್ತು.

ಬೀಟಾ ಬ್ಲಾಕರ್‌ಗಳದು ಕೆಳಗಿಳಿದ ಕಥೆ. ಅಟೆನೊಲಾಲ್ ಒಂದು ಕಾಲಕ್ಕೆ ಮನೆಮಾತಾಗಿತ್ತು. 2002ರ ಲೈಫ್, 2005ರ ಆಸ್ಕಾಟ್ ಅಧ್ಯಯನಗಳಲ್ಲಿ ಅದು ಹೊಸಬರ ಮುಂದೆ, ಮುಖ್ಯವಾಗಿ ಪಾರ್ಶ್ವವಾಯು ತಡೆಯುವುದರಲ್ಲಿ, ಹಿಂದೆ ಬಿತ್ತು. 2006ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಅದನ್ನು ಮೊದಲ ಸಾಲಿನಿಂದ ತೆಗೆಯಿತು. ಹೃದಯಾಘಾತವಾದವರಿಗೆ, ಹೃದಯ ವೈಫಲ್ಯವಿದ್ದವರಿಗೆ, ಎದೆಬಡಿತದ ಕಾಯಿಲೆಯವರಿಗೆ ಈ ಬಣದ ಮಾತ್ರೆಗಳು ಇಂದಿಗೂ ಬೇಕು. ಬೇರೇನೂ ಇಲ್ಲದವನ ಬಿಪಿಗೆ ಅಟೆನೊಲಾಲನ್ನೇ ಮೊದಲು ಬರೆಯುವುದು ಹಳೆಯ ಕೈರೂಢಿ, ಅಷ್ಟೆ.

ಪ್ರಯೋಗಗಳ ತೀರ್ಪು

ಮೊದಲ ಮಾತ್ರೆಯ ಜಗಳವನ್ನು ಹೆಚ್ಚುಪಾಲು ಬಗೆಹರಿಸಿದ ಅಧ್ಯಯನ 2002ರ ಆಲ್‌ಹ್ಯಾಟ್. ಅದರ ಮುಖ್ಯ ಹೋಲಿಕೆಯಲ್ಲಿ 33,357 ಮಂದಿಗೆ ಕ್ಲೋರ್‌ಥ್ಯಾಲಿಡೋನ್, ಆಮ್ಲೋಡಿಪಿನ್, ಲಿಸಿನೊಪ್ರಿಲ್‌ಗಳಲ್ಲಿ ಒಂದನ್ನು ಹಂಚಲಾಯಿತು. ಹೃದಯಾಘಾತ ಮತ್ತು ಅದರಿಂದಾಗುವ ಸಾವಿನಲ್ಲಿ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ; ಹೃದಯ ವೈಫಲ್ಯ ಮಾತ್ರ ಆಮ್ಲೋಡಿಪಿನ್ ಗುಂಪಿನಲ್ಲಿ ಹೆಚ್ಚಿತ್ತು. ಅದೇ ಅಧ್ಯಯನದ ಡಾಕ್ಸಜೋಸಿನ್ ಎಂಬ ಇನ್ನೊಂದು ಔಷಧಿಯ ವಿಭಾಗವನ್ನು 2000ದಲ್ಲೇ ನಿಲ್ಲಿಸಬೇಕಾಯಿತು. ಭಾರತೀಯರ ಮೇಲೆಯೇ ನಡೆದ ಟಾಪ್‌ಸ್ಪಿನ್ ಅಧ್ಯಯನ ತೀರ ಇತ್ತೀಚಿನದು: 1,981 ಮಂದಿಗೆ ಎರಡೆರಡು ಔಷಧಿ ಸೇರಿದ ಒಂದೇ ಮಾತ್ರೆಯನ್ನು ಮೂರು ಬಗೆಯ ಜೋಡಿಯಲ್ಲಿ ಕೊಟ್ಟು ನೋಡಿದರು (ಆಮ್ಲೋಡಿಪಿನ್–ಪೆರಿಂಡೊಪ್ರಿಲ್, ಪೆರಿಂಡೊಪ್ರಿಲ್–ಇಂಡಪಮೈಡ್, ಆಮ್ಲೋಡಿಪಿನ್–ಇಂಡಪಮೈಡ್). ಮೂರೂ ಬಿಪಿಯನ್ನು ಸರಿಸುಮಾರು ಒಂದೇ ಮಟ್ಟಕ್ಕೆ ಇಳಿಸಿದವು. ದಕ್ಷಿಣ ಏಷ್ಯಾದವರಿಗೆ ಇಂಥದ್ದೇ ಜೋಡಿ ಆಗಬೇಕೆಂಬ ವಾದಕ್ಕೆ ಅಲ್ಲಿ ಬೆಂಬಲ ಸಿಗಲಿಲ್ಲ.

ಯಾರಿಗೆ ಯಾವುದು

ಸಕ್ಕರೆ ಕಾಯಿಲೆಯ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಎಸಿಇ ಇನ್‌ಹಿಬಿಟರ್ ಅಥವಾ ಎಆರ್‌ಬಿ ಮೊದಲು. ಇಲ್ಲಿ ಎರಡನೇ ಮಾತಿಲ್ಲ. ವಯಸ್ಸಾದವರಲ್ಲಿ ಮೇಲಿನ ಅಂಕಿ ಮಾತ್ರ ಏರಿದ್ದರೆ ಆಮ್ಲೋಡಿಪಿನ್ ಅಥವಾ ಥಯಜೈಡ್. ಗೌಟ್ ಇದ್ದವರಿಗೆ ಥಯಜೈಡ್ ಬೇಡ, ಉಬ್ಬಸ ಇದ್ದವರಿಗೆ ಬೀಟಾ ಬ್ಲಾಕರ್ ಬೇಡ. ಬ್ರಿಟನ್ನಿನ ನೈಸ್ ಸಂಸ್ಥೆ 55 ವರ್ಷದ ಗೆರೆ ಎಳೆದು, ಅದರ ಕೆಳಗಿನವರಿಗೆ ಎಸಿಇ–ಎಆರ್‌ಬಿ, ಮೇಲಿನವರಿಗೆ ಆಮ್ಲೋಡಿಪಿನ್ ಬಣ ಎನ್ನುತ್ತದೆ. ಆಫ್ರಿಕ ಮೂಲದವರಿಗೆ ವಯಸ್ಸು ಎಷ್ಟೇ ಇರಲಿ ಆಮ್ಲೋಡಿಪಿನ್ ಬಣ, ಸಕ್ಕರೆ ಕಾಯಿಲೆಯಿದ್ದರೆ ಮತ್ತೆ ಎಸಿಇ–ಎಆರ್‌ಬಿ.

ಬಸುರಿಯರ ವಿಷಯ ಬೇರೆಯೇ. ಎಸಿಇ ಇನ್‌ಹಿಬಿಟರ್, ಎಆರ್‌ಬಿ ಎರಡೂ ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಮಾರಕ. ಲಬೆಟಲಾಲ್, ದೀರ್ಘಕಾಲ ಕೆಲಸ ಮಾಡುವ ನಿಫೆಡಿಪಿನ್, ಮೀಥೈಲ್‌ಡೋಪಾ ಕೊಡುತ್ತಾರೆ. ಮೂವತ್ತರ ಆಸುಪಾಸಿನ ಹೆಂಗಸಿಗೆ ಟೆಲ್ಮಿಸಾರ್ಟಾನ್ ಬರೆಯುವ ಮುನ್ನ ಮಕ್ಕಳ ಯೋಚನೆ ಉಂಟೇ ಎಂದು ಕೇಳುವುದು ಒಂದು ವಾಕ್ಯದ ಕೆಲಸ. ಓಪಿಡಿಯ ನೂಕುನುಗ್ಗಲಲ್ಲಿ ಬಿಟ್ಟುಹೋಗುವುದೂ ಆ ವಾಕ್ಯವೇ. ಇನ್ನು ಎಳೆಯ ವಯಸ್ಸಿನಲ್ಲೇ ಬಿಪಿ ಬಹಳ ಏರಿದ್ದರೆ, ಮಾತ್ರೆ ತಿನ್ನುವ ಮೊದಲೇ ಪೊಟ್ಯಾಸಿಯಂ ಕಡಿಮೆಯಿದ್ದರೆ, ಮೂತ್ರಪಿಂಡದ್ದೋ ಅಡ್ರಿನಲ್ ಗ್ರಂಥಿಯದ್ದೋ ಮೂಲ ಕಾಯಿಲೆ ಹುಡುಕಬೇಕು.

ಒಂದೋ ಎರಡೋ

ಪೂರ್ತಿ ಪ್ರಮಾಣದ ಒಂದು ಮಾತ್ರೆ ಸರಾಸರಿ 9/5ರಷ್ಟು ಬಿಪಿ ಇಳಿಸುತ್ತದೆ. 165ರಲ್ಲಿರುವವನಿಗೆ ಒಂದರಿಂದ ಗುರಿ ಮುಟ್ಟುವುದು ಕಷ್ಟವೆಂದು ಲೆಕ್ಕವೇ ಹೇಳುತ್ತದೆ. ಒಂದೇ ಔಷಧಿಯನ್ನು ಇಮ್ಮಡಿ ಮಾಡುವುದಕ್ಕಿಂತ ಎರಡನೇ ಬಣದ್ದನ್ನು ಸೇರಿಸುವುದು ಸುಮಾರು ಐದು ಪಟ್ಟು ಫಲಕಾರಿ ಎಂದು 2009ರ ವಿಶ್ಲೇಷಣೆಯೊಂದು ತೋರಿಸಿತು. ಅಡ್ಡಪರಿಣಾಮ ಪ್ರಮಾಣದ ಜೊತೆ ಏರುತ್ತದೆ, ಫಲ ಅಷ್ಟು ಏರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಯುರೋಪಿನ ಹೃದ್ರೋಗತಜ್ಞರ ಸಂಘವೂ ಹೆಚ್ಚಿನವರಿಗೆ ಮೊದಲಿನಿಂದಲೇ ಕಡಿಮೆ ಪ್ರಮಾಣದ ಎರಡು ಔಷಧಿ, ಸಾಧ್ಯವಾದರೆ ಒಂದೇ ಮಾತ್ರೆಯಲ್ಲಿ, ಎನ್ನುವ ಕಡೆ ವಾಲಿರುವುದು ಇದಕ್ಕೆ. ತೀರ ಮುದುಕರು, ನಿಂತರೆ ತಲೆ ತಿರುಗುವವರು, ಅಲ್ಪಸ್ವಲ್ಪ ಏರಿದವರು ಒಂದರಿಂದಲೇ ಶುರುಮಾಡಬಹುದು. ಮೊದಲ ಮಾತ್ರೆ ಯಾವುದೆಂಬ ಹಳೆಯ ಪ್ರಶ್ನೆಯೇ ಇದರಿಂದ ಅರ್ಧ ಸವೆದಿದೆ.

ಭಾರತದ ಸರ್ಕಾರಿ ವ್ಯವಸ್ಥೆ ಇನ್ನೂ ಮೆಟ್ಟಿಲೇರುವ ಕ್ರಮದಲ್ಲಿದೆ. 2017ರ ಕೊನೆಗೆ ಕೇರಳ, ಪಂಜಾಬ್, ಮಹಾರಾಷ್ಟ್ರ, ಮಧ್ಯಪ್ರದೇಶ, ತೆಲಂಗಾಣಗಳ 25 ಜಿಲ್ಲೆಗಳಿಗೆಂದು ರೂಪುಗೊಂಡ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮದ ಬಹುಪಾಲು ಪಟ್ಟಿಗಳಲ್ಲಿ ಮೊದಲು ಆಮ್ಲೋಡಿಪಿನ್ 5, ಸಾಲದಿದ್ದರೆ ಟೆಲ್ಮಿಸಾರ್ಟಾನ್ 40, ಆಮೇಲೆ ಪ್ರಮಾಣದ ಏರಿಕೆ, ಕೊನೆಗೆ ಥಯಜೈಡ್. ನರ್ಸ್ ಕೂಡ ಮುಂದುವರಿಸಬಹುದಾದ ಸರಳ ಏಣಿ. ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿಪಿ, ಸಕ್ಕರೆ ನೋಡುವ ಕೆಲಸ ಹಚ್ಚಿಕೊಂಡಿದೆ. ಹಂಪನಕಟ್ಟೆಯ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಮಾತ್ರೆಗೆ ದುಡ್ಡಿಲ್ಲ, ಸಾಲು ಉದ್ದ. ಪಂಪ್‌ವೆಲ್‌ನ ಖಾಸಗಿ ಓಪಿಡಿಯಲ್ಲಿ ಆಯ್ಕೆ ಹೆಚ್ಚು, ಚೀಟಿಯೂ ಉದ್ದ.

ಕರಾವಳಿಯ ಹವೆ, ಕರಾವಳಿಯ ಊಟ

ಟೆಲ್ಮಿಸಾರ್ಟಾನ್ ಮಾತ್ರೆಗೆ ತೇವವೆಂದರೆ ಆಗದು. ಔಷಧಿ ಕರಗಲೆಂದು ಕ್ಷಾರ ಸೇರಿಸಿ ಮಾಡಿರುವುದರಿಂದ ಅದು ಗಾಳಿಯ ನೀರನ್ನು ಹೀರುತ್ತದೆ. ತಿನ್ನುವ ಹೊತ್ತಿಗಷ್ಟೇ ಸ್ಟ್ರಿಪ್‌ನಿಂದ ಬಿಡಿಸಬೇಕೆಂದು ತಯಾರಕರು ಹೇಳುವುದು ಇದಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಪ್ಪಳವೇ ಮೆತ್ತಗಾಗುವ ಮಂಗಳೂರಿನಲ್ಲಿ ಮಗಳೋ ಸೊಸೆಯೋ ಅಕ್ಕರೆಯಿಂದ ವಾರದ ಮಾತ್ರೆಯನ್ನೆಲ್ಲ ಬಿಡಿಸಿ ಏಳು ಖಾನೆಯ ಡಬ್ಬಿಗೆ ತುಂಬಿಸಿಟ್ಟರೆ, ವಾರದ ಕೊನೆಗೆ ಉಬ್ಬಿ ಮೆದುವಾದ ಮಾತ್ರೆ ಕೈಗೆ ಬರಬಹುದು. ಸ್ಟ್ರಿಪ್ಪನ್ನೇ ಕತ್ತರಿಯಿಂದ ತುಂಡುಮಾಡಿ, ಗುಳ್ಳೆ ಒಡೆಯದಂತೆ, ಹಾಗೇ ಡಬ್ಬಿಗೆ ಹಾಕಿದರೆ ಆಯಿತು. ಆಮ್ಲೋಡಿಪಿನ್‌ಗೆ ಇಷ್ಟು ಉಪಚಾರ ಬೇಡ.

ಮಳೆಗಾಲಕ್ಕೆ ಇನ್ನೊಂದು ಮುಖವಿದೆ. ಡೆಂಗಿ, ಮಲೇರಿಯ, ಇಲಿಜ್ವರ ಈ ಜಿಲ್ಲೆಗೆ ಹೊಸತಲ್ಲ. ಜ್ವರ, ವಾಂತಿ, ಭೇದಿಯಿಂದ ದೇಹ ಒಣಗಿದಾಗ ಎಆರ್‌ಬಿ ಮತ್ತು ಮೂತ್ರವರ್ಧಕ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಮೈಕೈನೋವಿಗೆ ಡೈಕ್ಲೊಫೆನಾಕ್ ಸೇರಿದರೆ ಮೂರೂ ಸೇರಿ ಅಪಾಯ. ಅಂಥ ದಿನಗಳಲ್ಲಿ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಮೊದಲೇ ವೈದ್ಯರಿಂದ ಬರೆಸಿಟ್ಟುಕೊಳ್ಳುವುದು ಜಾಣತನ. ಏಪ್ರಿಲ್–ಮೇ ಸೆಕೆಯಲ್ಲಿ ಬೆವರು ಸುರಿಸುವ ಎಪ್ಪತ್ತರ ಅಜ್ಜಿಗೆ ಥಯಜೈಡ್ ಹೊಸದಾಗಿ ಕೊಟ್ಟರೆ ಸೋಡಿಯಂ ಇಳಿದು ಮಂಪರು ಬರಬಹುದು. ಮನೆಯವರು ‘ಅರಳುಮರಳು’ ಎಂದುಕೊಂಡು ಸುಮ್ಮನಾಗುತ್ತಾರೆ.

ಊಟದ ಮಾತು. ಕುಚ್ಚಲಕ್ಕಿ ಗಂಜಿಯಲ್ಲಿ ಉಪ್ಪಿಲ್ಲ. ಅದರ ಪಕ್ಕದ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪುಸೊಳೆಯ ಪಲ್ಯದಲ್ಲಿ ಇದೆ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಇವುಗಳಲ್ಲೇ ಮುಗಿದುಹೋಗುತ್ತದೆ. ಉಪ್ಪು ಇಳಿಸಿದರೆ ಎಲ್ಲ ಬಣದ ಮಾತ್ರೆಯೂ, ವಿಶೇಷವಾಗಿ ಎಆರ್‌ಬಿ, ಹೆಚ್ಚು ಕೆಲಸ ಮಾಡುತ್ತದೆ. ಬೊಂಡ (ಎಳನೀರು) ಕುಡಿದರೆ ಬಿಪಿಗೆ ಒಳ್ಳೆಯದೆಂಬ ಮಾತಿನಲ್ಲಿ ಸತ್ಯಾಂಶವಿದೆ, ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಸೋತು, ಮೇಲಿಂದ ಟೆಲ್ಮಿಸಾರ್ಟಾನ್ ತಿನ್ನುವವರಿಗೆ ಅದೇ ಬೊಂಡ, ಪೊಟ್ಯಾಸಿಯಂ ಬೆರೆತ ‘ಕಡಿಮೆ ಸೋಡಿಯಂ’ ಉಪ್ಪು ಎದೆಬಡಿತ ತಪ್ಪಿಸುವಷ್ಟು ಪೊಟ್ಯಾಸಿಯಂ ಏರಿಸಬಲ್ಲವು.

ಬೆಳಗ್ಗೆಯೋ ರಾತ್ರಿಯೋ ಎಂಬ ಪ್ರಶ್ನೆಗೆ 21 ಸಾವಿರ ಮಂದಿಯ ಟೈಮ್ ಅಧ್ಯಯನ 2022ರಲ್ಲಿ ಉತ್ತರ ಕೊಟ್ಟಿದೆ: ವ್ಯತ್ಯಾಸವಿಲ್ಲ, ಮರೆಯದ ಹೊತ್ತೇ ಸರಿಯಾದ ಹೊತ್ತು.

ಹೆಸರು ಮತ್ತು ಚೀಟಿ

ಒಂದೇ ಔಷಧಿಗೆ ಭಾರತದಲ್ಲಿ ಹತ್ತಾರು ಕಂಪನಿಗಳ ಹೆಸರು. ಅದಕ್ಕಿಂತ ದೊಡ್ಡ ತೊಡಕು ಹೆಸರಿನ ಕೊನೆಯ ಅಕ್ಷರ. ಟೆಲ್ಮಾ ಎಂದರೆ ಟೆಲ್ಮಿಸಾರ್ಟಾನ್. ಟೆಲ್ಮಾ ಎಚ್ ಎಂದರೆ ಜೊತೆಗೆ ಥಯಜೈಡ್. ಟೆಲ್ಮಾ ಎಎಂ ಎಂದರೆ ಜೊತೆಗೆ ಆಮ್ಲೋಡಿಪಿನ್. ‘ನೀಲಿ ಸ್ಟ್ರಿಪ್ಪಿನ ಬಿಪಿ ಮಾತ್ರೆ ಕೊಡಿ’ ಎಂದು ಕೇಳಿ ತಂದದ್ದು ಮೊದಲಿನದ್ದೇ ಎಂದು ಹೇಳಲಾಗದು. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಹೈಡ್ರೋಕ್ಲೋರೋಥಯಜೈಡ್ 2022ರ ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಲ್ಲಿದ್ದು ಬೆಲೆ ನಿಯಂತ್ರಣಕ್ಕೆ ಒಳಪಟ್ಟಿವೆ; ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಅಗ್ಗ. ಮಂಗಳೂರಿನಿಂದ ದುಬೈ, ದಮ್ಮಾಮ್‌ಗೆ ಹೋಗುವವರು ತಿಂಗಳುಗಟ್ಟಲೆಯ ಮಾತ್ರೆ ಕಟ್ಟಿಕೊಂಡು ಹೋಗುವುದು ಇಲ್ಲಿ ಸಾಮಾನ್ಯ. ಇಲ್ಲಿಯ ಕಂಪನಿ ಹೆಸರು ಅಲ್ಲಿಯ ಫಾರ್ಮಸಿಯಲ್ಲಿ ನಡೆಯದು. ಚೀಟಿಯಲ್ಲಿ ಔಷಧಿಯ ಮೂಲ ಹೆಸರು, ಮಿಲಿಗ್ರಾಂ, ಶುರುವಾದ ತಾರೀಕು, ಕೊನೆಯ ಕ್ರಿಯಾಟಿನಿನ್ ಅಂಕಿ ದೊಡ್ಡಕ್ಷರದಲ್ಲಿದ್ದರೆ ಅಲ್ಲಿಯ ವೈದ್ಯರು ಅದನ್ನೇ ಮುಂದುವರಿಸುತ್ತಾರೆ, ಮತ್ತೆ ಮೊದಲ ಮಾತ್ರೆಯಿಂದ ಶುರುಮಾಡುವುದಿಲ್ಲ.